ಸಾಸೇಜು: ಪ್ರೋಟೀನೋ, ಉಪ್ಪಿನಕಾಯಿಯೋ?



ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯನಲ್ಲ, ಆಹಾರ ತಜ್ಞನೂ ಅಲ್ಲ. ಎಂ.ಟೆಕ್. ಮುಗಿಸಿ ಇಪ್ಪತ್ತು ವರ್ಷಗಳಿಂದ ಕಂಪ್ಯೂಟರ್ ಮುಂದೆ ಕುಳಿತು ಪ್ರೋಗ್ರಾಂ ಬರೆಯುವವನು. ಅಂಥವನು ಸಾಸೇಜಿನ ಬಗ್ಗೆ ಬರೆಯಲು ಕಾರಣವಾದದ್ದು ನಮ್ಮ ಸಂಘದವರೇ ಏರ್ಪಡಿಸಿದ್ದ ಒಂದು ಉಚಿತ ಆರೋಗ್ಯ ತಪಾಸಣಾ ಶಿಬಿರ.

ಆ ಶುಕ್ರವಾರ ನಾನು ಹೋಗಿದ್ದು ಕುರ್ಚಿ ಜೋಡಿಸಲು, ಹೆಸರು ಬರೆದುಕೊಳ್ಳಲು. ಜನ ಕಡಿಮೆಯಾದಾಗ ವೈದ್ಯರು, "ಬನ್ನಿ, ನಿಮ್ಮದೂ ಒಮ್ಮೆ ನೋಡಿಬಿಡೋಣ" ಎಂದು ತೋಳಿಗೆ ಪಟ್ಟಿ ಕಟ್ಟಿದರು. 150/96. ಹತ್ತು ನಿಮಿಷ ಕೂರಿಸಿ ಮತ್ತೆ ನೋಡಿದರು, ಹೆಚ್ಚೇನೂ ಇಳಿಯಲಿಲ್ಲ. "ಬೆಳಿಗ್ಗೆ ಏನು ತಿಂಡಿ?" ಎಂದು ಕೇಳಿದರು. ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ: "ಇಡ್ಲಿ, ದೋಸೆ ಎಲ್ಲ ಬಿಟ್ಟಿದ್ದೇನೆ ಡಾಕ್ಟ್ರೇ. ಈಗ ಪ್ರೋಟೀನು. ಮೂರು ಚಿಕನ್ ಸಾಸೇಜು, ಎರಡು ಖುಬ್ಸು." ಅವರು ನಕ್ಕು, "ಇವತ್ತು ಮನೆಗೆ ಹೋಗಿ ಆ ಪ್ಯಾಕೆಟ್ಟಿನ ಹಿಂಬದಿ ಓದಿ. ದಿನಕ್ಕೆ ಎಷ್ಟು ಉಪ್ಪು ತಿನ್ನುತ್ತೀರಿ ಅಂತ ಲೆಕ್ಕ ಹಾಕಿ ತನ್ನಿ. ಇಂಜಿನಿಯರ್ ಅಲ್ಲವೇ?" ಎಂದರು.

ಆ ಹೋಂವರ್ಕನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ನನ್ನಂತೆಯೇ ಮಕ್ಕಳ ಡಬ್ಬಿಗೆ ಬೆಳಗಿನ ಅವಸರದಲ್ಲಿ ಸಾಸೇಜು ಹುರಿದು ಹಾಕುವ ಮನೆಗಳು ನಮ್ಮಲ್ಲಿ ಬಹಳ ಇವೆ. ಶುದ್ಧ ಸಸ್ಯಾಹಾರಿಗಳು ದಯವಿಟ್ಟು ಪುಟ ತಿರುಗಿಸಬೇಡಿ, ನಿಮಗೂ ಇದರಲ್ಲಿ ಒಂದು ಪಾಲಿದೆ.

ಸಾಸೇಜು ಎಂದರೇನು?

ಈ ಹೆಸರಿನಲ್ಲೇ ಉಪ್ಪಿದೆ. ಲ್ಯಾಟಿನ್ ಭಾಷೆಯಲ್ಲಿ 'ಸಾಲ್ಸುಸ್' ಎಂದರೆ ಉಪ್ಪು ಹಾಕಿದ್ದು. ಅದರಿಂದ ಹುಟ್ಟಿದ ಮಾತು ಸಾಸೇಜ್. ಸಾಸ್ ಮತ್ತು ಸಲಾಮಿ ಕೂಡ ಅದೇ ಬೇರಿನ ಮಾತುಗಳು. ಮಾಂಸವನ್ನು ಸಣ್ಣಗೆ ಕೊಚ್ಚಿ, ಕೊಬ್ಬು, ಉಪ್ಪು, ಮಸಾಲೆ ಸೇರಿಸಿ, ಕರುಳಿನ ಅಥವಾ ಈಗಿನ ಕೃತಕ ಕೊಳವೆಯೊಳಗೆ ತುಂಬಿದರೆ ಸಾಸೇಜು. ಇದರಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಹಸಿ ಸಾಸೇಜು. ತಂದು ಬೇಯಿಸಿಯೇ ತಿನ್ನಬೇಕು. ಎರಡನೆಯದು ಹದ ಮಾಡಿ ಬೇಯಿಸಿದ್ದು. ಹಾಟ್‌ಡಾಗಿಗೆ ಹಾಕುವ ಫ್ರಾಂಕ್‌ಫರ್ಟರ್, ತೆಳುವಾಗಿ ಕೊಯ್ದು ಮಾರುವ ಮಾರ್ಟಡೆಲ್ಲಾ ಈ ಜಾತಿಯವು. ಮತ್ರಾದ ಸಣ್ಣ ಅಂಗಡಿಯಿಂದ ಹಿಡಿದು ದೊಡ್ಡ ಹೈಪರ್‌ಮಾರ್ಕೆಟ್ಟಿನವರೆಗೆ ಇಲ್ಲಿ ನಮಗೆ ಹೆಚ್ಚಾಗಿ ಸಿಗುವುದು ಇವೇ, ಅದೂ ಕೋಳಿ ಅಥವಾ ದನದ ಮಾಂಸದ ಹಲಾಲ್ ಸಾಸೇಜುಗಳು. ಮೂರನೆಯದು ಉಪ್ಪು ಹಾಕಿ, ಹುಳಿ ಬರಿಸಿ, ವಾರಗಟ್ಟಲೆ ತೂಗುಹಾಕಿ ಒಣಗಿಸಿದ್ದು. ಸಲಾಮಿ, ಪಿಜ್ಜಾ ಮೇಲಿನ ಪೆಪ್ಪರೋನಿ ಈ ಗುಂಪಿನವು. ನಮ್ಮ ನೆರೆಯ ಗೋವಾದ ಚೊರಿಜೊ ಕೂಡ ಪೋರ್ಚುಗೀಸರ ಸಾಸೇಜಿನ ವಂಶದ್ದೇ. ವಿನೆಗರ್, ಮೆಣಸಿನಕಾಯಿ, ಉಪ್ಪು ಬೆರೆಸಿ ಒಣಗಿಸಿದ ಹಂದಿಮಾಂಸ ಅದು.

ಈ ಲೇಖನದಲ್ಲಿ ನಾನು ಹೇಳುವುದು ಎರಡನೆಯ ಮತ್ತು ಮೂರನೆಯ ಬಗೆಯವನ್ನು ಕುರಿತು, ಅಂದರೆ ಉಪ್ಪು ಮತ್ತು ನೈಟ್ರೈಟ್ ಹಾಕಿ ಹದ ಮಾಡಿದ ಸಾಸೇಜುಗಳನ್ನು ಕುರಿತು.

ಒಣಮೀನಿನ ದಾಯಾದಿ

ಸಾಸೇಜು ವಿದೇಶಿ ತಿಂಡಿ ಎಂದು ಅನ್ನಿಸಬಹುದು. ಆದರೆ ಅದರ ಹಿಂದಿರುವ ಯೋಚನೆ ನಮಗೆ ಬಹಳ ಹಳೆಯದು. ಮತ್ರಾದ ಮೀನು ಮಾರುಕಟ್ಟೆಗೆ ನೀವೆಲ್ಲ ಹೋಗಿದ್ದೀರಿ. ಹಳೆಯ ಮಾರುಕಟ್ಟೆಯ ಬದಲಿಗೆ 2017ರಲ್ಲಿ ಕಡಲ ದಂಡೆಯಲ್ಲಿ ಎದ್ದ, ಬಿಳಿ ಚಪ್ಪರದಂಥ ಬಾಗಿದ ಮಾಡಿನ ಕಟ್ಟಡ ಅದು. ಈಗ ಅಲ್ಲಿ ಐಸಿನ ಮೇಲೆ ಬಂಗುಡೆ, ಅಂಜಲ್, ಕೇದರ ಮೀನುಗಳು ಹೊಳೆಯುತ್ತವೆ. ಐಸ್ ಇಲ್ಲದ ಕಾಲದಲ್ಲಿ ಒಮಾನಿನ ಜನ ಏನು ಮಾಡುತ್ತಿದ್ದರು? ಬೂತಾಯಿಯನ್ನು ಮರಳ ಮೇಲೆ ಹರಡಿ ಬಿಸಿಲಿಗೆ ಒಣಗಿಸುತ್ತಿದ್ದರು. ಶಾರ್ಕ್ ಮೀನನ್ನು ಸೀಳಿ ಉಪ್ಪು ಹಚ್ಚಿ ಒಣಗಿಸಿ 'ಅವಾಲ್' ಮಾಡುತ್ತಿದ್ದರು. ಅದು ಒಂಟೆಯ ಮೇಲೆ ಒಳನಾಡಿಗೂ, ಹಡಗಿನಲ್ಲಿ ನಾವಿಕರ ಊಟಕ್ಕೂ ಹೋಗುತ್ತಿತ್ತು. ಇಂದಿಗೂ ಇಲ್ಲಿ ಅವಾಲ್ ಮಾರುತ್ತಾರೆ, ಇಂದಿಗೂ ಒಮಾನಿ ಮನೆಗಳಲ್ಲಿ ಅದರ ಪದಾರ್ಥ ಮಾಡುತ್ತಾರೆ. ದಕ್ಷಿಣದ ದೋಫಾರಿನಲ್ಲಿ ಮಾಂಸವನ್ನು ಪಟ್ಟಿ ಪಟ್ಟಿಯಾಗಿ ಕೊಯ್ದು ಒಣಗಿಸಿ, ಕೊಬ್ಬಿನಲ್ಲಿ ಬೇಯಿಸಿ, ಆ ಕೊಬ್ಬಿನೊಳಗೇ ಕಾಪಿಡುವ ಪದ್ಧತಿ ಇದೆ. ಅದಕ್ಕೆ 'ಮಅಜೀನ್' ಎನ್ನುತ್ತಾರೆ.

ಅರಬ್ಬೀ ಸಮುದ್ರದ ಆಚೆ ದಡದಲ್ಲಿ ನಮ್ಮದೂ ಇದೇ ಕಥೆ. ನಾನು ಕುಂದಾಪುರದ ಕಡೆಯವನು. ಮಳೆಗಾಲದಲ್ಲಿ ದೋಣಿ ನೀರಿಗಿಳಿಯದ ಆ ಎರಡು ತಿಂಗಳಿಗೆಂದೇ ಬೇಸಿಗೆಯಲ್ಲಿ ಒಣಮೀನು, ಒಣ ಸಿಗಡಿ ಮಾಡಿ ಅಟ್ಟದಲ್ಲಿ ಇಡುತ್ತಿದ್ದರು. ಕೊಡಗಿನ ಮನೆಗಳಲ್ಲಿ ಮಾಂಸವನ್ನು ಒಲೆಯ ಮೇಲೆ ಹೊಗೆಗೆ ತೂಗುಹಾಕುತ್ತಿದ್ದರು. ಘಟ್ಟದ ಮೇಲೂ ಕೆಳಗೂ ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಮುಳುಗಿಸಿ ವರ್ಷಗಟ್ಟಲೆ ಇಡುತ್ತಿದ್ದರು.

ಇವೆಲ್ಲದರ ಹಿಂದಿರುವ ವಿಜ್ಞಾನ ಒಂದೇ. ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿಗಳಿಗೆ ಬದುಕಲು ನೀರು ಬೇಕು. ಬಿಸಿಲು ನೀರನ್ನು ಆವಿ ಮಾಡಿ ತೆಗೆಯುತ್ತದೆ. ಉಪ್ಪು ನೀರನ್ನು ಹೊರಗೆಳೆಯುತ್ತದೆ, ಉಳಿದ ನೀರನ್ನೂ ಸೂಕ್ಷ್ಮಜೀವಿಗಳಿಗೆ ಸಿಗದಂತೆ ಹಿಡಿದಿಡುತ್ತದೆ. ಹೊಗೆಯಲ್ಲಿರುವ ರಾಸಾಯನಿಕಗಳು ಮೇಲ್ಮೈಯನ್ನು ಕಾಯುತ್ತವೆ.

ನೈಟ್ರೈಟ್ ಏಕೆ ಬಂತು?

ಸಾಸೇಜಿನಲ್ಲಿ ಒಣಮೀನಿಗಿಲ್ಲದ ಒಂದು ತೊಂದರೆ ಇದೆ. ಕೊಚ್ಚಿದ ಮಾಂಸವನ್ನು ಗಾಳಿಯಾಡದ ಕೊಳವೆಯೊಳಗೆ ತುಂಬಿದಾಗ, ಗಾಳಿ ಇಲ್ಲದ ಕಡೆಯಲ್ಲೇ ಬೆಳೆಯುವ ಒಂದು ಬ್ಯಾಕ್ಟೀರಿಯಾ ಅಲ್ಲಿ ಸೇರಿಕೊಳ್ಳಬಹುದು. ಅದು ಉಂಟುಮಾಡುವ ವಿಷ ಅತ್ಯಂತ ಭೀಕರವಾದದ್ದು. ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತ್ಯದಲ್ಲಿ ಸಾಸೇಜು ತಿಂದವರು ದೃಷ್ಟಿ ಮಂಜಾಗಿ, ಉಸಿರಾಡಲಾಗದೆ ಸಾಯುತ್ತಿದ್ದುದನ್ನು ಯುಸ್ಟಿನುಸ್ ಕೆರ್ನರ್ ಎಂಬ ವೈದ್ಯ 1820ರ ಸುಮಾರಿಗೆ ವಿವರವಾಗಿ ದಾಖಲಿಸಿದ. ಲ್ಯಾಟಿನ್ನಿನಲ್ಲಿ 'ಬೊಟುಲುಸ್' ಎಂದರೆ ಸಾಸೇಜು. ಅದರಿಂದಲೇ ಈ ರೋಗಕ್ಕೆ ಬೊಟುಲಿಸಂ ಎಂಬ ಹೆಸರು ಬಂತು. 1895ರಲ್ಲಿ ಬೆಲ್ಜಿಯಂ ದೇಶದ ಒಂದು ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದವರು ಉಪ್ಪು ಹಾಕಿದ ಹಂದಿತೊಡೆ ತಿಂದು ಕಾಯಿಲೆ ಬಿದ್ದರು, ಮೂವರು ಸತ್ತರು. ಆ ಮಾಂಸದಿಂದ ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ.

ಹಿಂದಿನವರು ಅನುಭವದಿಂದ ಒಂದು ಉಪಾಯ ಕಂಡುಕೊಂಡಿದ್ದರು. ಉಪ್ಪಿನ ಜೊತೆ ಸ್ವಲ್ಪ ಪೆಟ್ಲುಪ್ಪು ಸೇರಿಸಿದರೆ ಮಾಂಸ ಕೆಂಪಾಗಿಯೂ ಕೆಡದೆಯೂ ಉಳಿಯುತ್ತಿತ್ತು. ಮದ್ದುಗುಂಡಿಗೆ ಬಳಸುವ ಅದೇ ಪೆಟ್ಲುಪ್ಪು. ಒಂದು ಕಾಲದಲ್ಲಿ ಯುರೋಪಿನ ಕಂಪನಿಗಳು ಅದನ್ನು ನಮ್ಮ ಬಿಹಾರದಿಂದ ಹಡಗುಗಟ್ಟಲೆ ಒಯ್ಯುತ್ತಿದ್ದವು. 19ನೇ ಶತಮಾನದ ಕೊನೆಗೆ ಇದರ ಗುಟ್ಟು ತಿಳಿಯಿತು. ಪೆಟ್ಲುಪ್ಪಿನಲ್ಲಿರುವ ನೈಟ್ರೇಟು ಬ್ಯಾಕ್ಟೀರಿಯಾಗಳ ಮೂಲಕ ನೈಟ್ರೈಟ್ ಆಗುತ್ತದೆ, ನಿಜವಾದ ಕೆಲಸ ಮಾಡುವುದು ಈ ನೈಟ್ರೈಟು. 1925ರಲ್ಲಿ ಅಮೆರಿಕ ಸರ್ಕಾರ ನೈಟ್ರೈಟನ್ನು ನೇರವಾಗಿ ಬೆರೆಸಲು ಒಪ್ಪಿಗೆ ಕೊಟ್ಟಿತು. ಇವತ್ತು ಪ್ಯಾಕೆಟ್ಟಿನ ಮೇಲೆ 'ಇ250' ಎಂದು ಕಂಡರೆ ಅದು ಸೋಡಿಯಂ ನೈಟ್ರೈಟ್. ಇ251 ಮತ್ತು ಇ252 ಎಂದರೆ ನೈಟ್ರೇಟುಗಳು. ಬೇಯಿಸಿದ ಕೋಳಿ ಮಾಂಸ ಬಿಳಿಯಾಗಿರಬೇಕು, ಆದರೆ ಚಿಕನ್ ಸಾಸೇಜು ಗುಲಾಬಿ ಬಣ್ಣಕ್ಕಿರುತ್ತದೆ. ಬಹುಮಟ್ಟಿಗೆ ಇದು ನೈಟ್ರೈಟ್ ಮಾಡುವ ಕೆಲಸ.

ಹಾಗಾಗಿ ನೈಟ್ರೈಟನ್ನು ಯಾರೋ ಲಾಭಕೋರರು ಬೆರೆಸಿದ ವಿಷ ಎಂದು ತಿಳಿಯಬಾರದು. ಅದು ಒಂದು ದೊಡ್ಡ ಅಪಾಯದಿಂದ ಜನರನ್ನು ಕಾಪಾಡಿದೆ. ಆದರೆ ಅದಕ್ಕೆ ನಾವು ತೆರುವ ಬೆಲೆಯೂ ಇದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪೋಷಕಾಂಶಗಳ ಲೆಕ್ಕ

ಈಗ ನನ್ನ ಹೋಂವರ್ಕಿಗೆ ಬರೋಣ. ಮೊದಲು ಒಳ್ಳೆಯದನ್ನು ಹೇಳುವುದು ನ್ಯಾಯ. ಸಾಸೇಜಿನಲ್ಲಿ ಪ್ರೋಟೀನ್ ಇದೆ, ಅದೂ ದೇಹಕ್ಕೆ ಬೇಕಾದ ಅಮೈನೋ ಆಮ್ಲಗಳೆಲ್ಲ ಇರುವ ಮಾಂಸದ ಪ್ರೋಟೀನ್. ಬಿ12 ಜೀವಸತ್ವ, ಸತು, ಕಬ್ಬಿಣ ಇವೆ. ದನದ ಮಾಂಸದ್ದರಲ್ಲಿ ಇವು ಹೆಚ್ಚು, ಕೋಳಿಯದರಲ್ಲಿ ಕಡಿಮೆ. ಸಕ್ಕರೆ ಅತ್ಯಲ್ಪ.

ಆದರೆ ಅದರ ಜೊತೆ ಏನೇನು ಬರುತ್ತದೆ ಎಂದು ನೋಡಬೇಕು. ಕೆಳಗಿನವು 100 ಗ್ರಾಂ ಆಹಾರದಲ್ಲಿರುವ ಅಂದಾಜು ಪ್ರಮಾಣಗಳು. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ.

ಒಣಗಿಸಿದ ಸಲಾಮಿ: ಪ್ರೋಟೀನ್ 22 ಗ್ರಾಂ, ಕೊಬ್ಬು 30 ಗ್ರಾಂಗಿಂತ ಹೆಚ್ಚು, ಉಪ್ಪು 5 ಗ್ರಾಂ ಆಸುಪಾಸು.
ಮಾರ್ಟಡೆಲ್ಲಾ: ಪ್ರೋಟೀನ್ 16 ಗ್ರಾಂ, ಕೊಬ್ಬು 25 ಗ್ರಾಂ, ಉಪ್ಪು 3 ಗ್ರಾಂ.
ಚಿಕನ್ ಫ್ರಾಂಕ್‌ಫರ್ಟರ್: ಪ್ರೋಟೀನ್ 12ರಿಂದ 15 ಗ್ರಾಂ, ಕೊಬ್ಬು 16ರಿಂದ 19 ಗ್ರಾಂ, ಉಪ್ಪು 2ರಿಂದ 3 ಗ್ರಾಂ.
ಬೇಯಿಸಿದ ಕೋಳಿಯ ಎದೆಮಾಂಸ, ಚರ್ಮವಿಲ್ಲದೆ, ಉಪ್ಪು ಹಾಕದೆ: ಪ್ರೋಟೀನ್ 31 ಗ್ರಾಂ, ಕೊಬ್ಬು 4 ಗ್ರಾಂಗಿಂತ ಕಡಿಮೆ, ಉಪ್ಪು 0.2 ಗ್ರಾಂ.
ಬೇಯಿಸಿದ ಮೊಟ್ಟೆ: ಪ್ರೋಟೀನ್ 12.5 ಗ್ರಾಂ, ಕೊಬ್ಬು 10.5 ಗ್ರಾಂ, ಉಪ್ಪು 0.3 ಗ್ರಾಂ.
ಉಪ್ಪು ಹಾಕದೆ ಬೇಯಿಸಿದ ಕಾಬೂಲಿ ಕಡಲೆ: ಪ್ರೋಟೀನ್ 9 ಗ್ರಾಂ, ಕೊಬ್ಬು 2.5 ಗ್ರಾಂ, ಉಪ್ಪು ಲೆಕ್ಕಕ್ಕಿಲ್ಲ.

ಚಿಕನ್ ಸಾಸೇಜೂ ಕೋಳಿ, ಎದೆಮಾಂಸವೂ ಕೋಳಿ. ಆದರೂ ಎಷ್ಟು ವ್ಯತ್ಯಾಸ ನೋಡಿ! ಅಗ್ಗದ ಸಾಸೇಜಿಗೆ ಹೋಗುವುದು ಹೆಚ್ಚಾಗಿ ಮೂಳೆಯಿಂದ ಯಂತ್ರದಲ್ಲಿ ಬಿಡಿಸಿದ ಮಾಂಸ. ಅದಕ್ಕೆ ಚರ್ಮ, ಕೊಬ್ಬು, ನೀರು, ಪಿಷ್ಟ, ಸೋಯಾ ಪುಡಿ ಸೇರುತ್ತವೆ. 'ಚಿಕನ್' ಎಂಬ ಮಾತು ಕೇಳಿದ ಕೂಡಲೇ ನಮ್ಮ ಮನಸ್ಸು ಎದೆಮಾಂಸವನ್ನು ನೆನೆಯುತ್ತದೆ, ಪ್ಯಾಕೆಟ್ಟಿನಲ್ಲಿ ಇರುವುದು ಬೇರೆ.

ಈಗ ನನ್ನ ಮನೆಯ ಫ್ರಿಜ್ಜಿನಲ್ಲಿದ್ದ ಪ್ಯಾಕೆಟ್ಟಿನ ಲೆಕ್ಕ. 340 ಗ್ರಾಂ, ಒಳಗೆ 10 ಸಾಸೇಜು, ಅಂದರೆ ಒಂದು 34 ಗ್ರಾಂ. ನಾನು ತಿನ್ನುತ್ತಿದ್ದದ್ದು ಮೂರು, ಒಟ್ಟು 102 ಗ್ರಾಂ. ಲೇಬಲ್ ಪ್ರಕಾರ 100 ಗ್ರಾಂನಲ್ಲಿ ಪ್ರೋಟೀನ್ 12 ಗ್ರಾಂ, ಕೊಬ್ಬು 18 ಗ್ರಾಂ, ಸೋಡಿಯಂ 900 ಮಿಲಿಗ್ರಾಂ. ಒಂದು ಗ್ರಾಂ ಪ್ರೋಟೀನಿನಿಂದ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಿಂದ 9 ಕ್ಯಾಲೊರಿ. ಅಂದರೆ ಪ್ರೋಟೀನಿನಿಂದ 48, ಕೊಬ್ಬಿನಿಂದ 162! ನಾನು 'ಪ್ರೋಟೀನ್ ತಿಂಡಿ' ಎಂದು ಎದೆಯುಬ್ಬಿಸಿ ಹೇಳಿದ್ದು ವಾಸ್ತವವಾಗಿ ಕೊಬ್ಬಿನ ತಿಂಡಿ. ಅಷ್ಟೇ ಪ್ರೋಟೀನು ಎರಡು ಬೇಯಿಸಿದ ಮೊಟ್ಟೆಯಲ್ಲಿ ಸಿಗುತ್ತದೆ, ಅರ್ಧದಷ್ಟು ಕೊಬ್ಬಿನೊಂದಿಗೆ.

ಇನ್ನು ಉಪ್ಪು. ಲೇಬಲ್ಲಿನಲ್ಲಿ ಹೆಚ್ಚಾಗಿ 'ಸೋಡಿಯಂ' ಎಂದಿರುತ್ತದೆ. ಸೋಡಿಯಂ ಅಂಕಿಯನ್ನು 2.5ರಿಂದ ಗುಣಿಸಿದರೆ ಉಪ್ಪು. ನನ್ನ ಮೂರು ಸಾಸೇಜಿನಲ್ಲಿ ಸುಮಾರು 920 ಮಿಲಿಗ್ರಾಂ ಸೋಡಿಯಂ, ಅಂದರೆ 2.3 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಒಂದು ಸಣ್ಣ ಚಮಚದಷ್ಟು. ಬೆಳಗಿನ ಎಂಟು ಗಂಟೆಗೇ ನಾನು ಅರ್ಧ ಕೋಟಾ ಮುಗಿಸುತ್ತಿದ್ದೆ.

ಮುಂದಿನದನ್ನು ಎಕ್ಸೆಲ್ ಹಾಳೆಯಲ್ಲಿ ಹಾಕಿದೆ. ಎರಡು ಖುಬ್ಸಿನಲ್ಲಿ ಸುಮಾರು 1.4 ಗ್ರಾಂ. ಮಧ್ಯಾಹ್ನದ ಸಾರು, ಪಲ್ಯ, ಮೀನಿನ ಪದಾರ್ಥದಲ್ಲಿ 3 ಗ್ರಾಂ. ಒಂದು ಚಮಚ ಉಪ್ಪಿನಕಾಯಿ, 1.5 ಗ್ರಾಂ. ಸಂಜೆ ಉಪ್ಪು ಹಾಕಿದ ಲಬನ್ ಮತ್ತು ಒಂದು ಹಿಡಿ ಮಿಕ್ಸ್ಚರ್, 1 ಗ್ರಾಂ. ರಾತ್ರಿ ಕೆಲಸ ತಡವಾದ ದಿನ ಮಾರ್ಟಡೆಲ್ಲಾ ಸ್ಯಾಂಡ್‌ವಿಚ್, 1.75 ಗ್ರಾಂ. ಒಟ್ಟು ಸುಮಾರು 11 ಗ್ರಾಂ. ನಾನೊಬ್ಬನೇ ಹೀಗೆ ಎಂದು ನಾಚಿಕೆಪಟ್ಟುಕೊಂಡಿದ್ದೆ. ಆಮೇಲೆ ಓದಿದರೆ, ವಿಶ್ವ ಆರೋಗ್ಯ ಸಂಸ್ಥೆ 2023ರ ವರದಿಯಲ್ಲಿ ಕೊಟ್ಟ ಜಗತ್ತಿನ ಸರಾಸರಿಯೇ 10.8 ಗ್ರಾಂ!

ಹೆಚ್ಚು ಉಪ್ಪಿನಿಂದ ಏನಾಗುತ್ತದೆ? ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ನಮಗೆ ಗೊತ್ತೇ ಇದೆ. ರಕ್ತದಲ್ಲಿ ಸೋಡಿಯಂ ಹೆಚ್ಚಾದರೆ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದೇ ಕೊಳವೆಯಲ್ಲಿ ಹೆಚ್ಚು ದ್ರವ ಹರಿಯಬೇಕಾಗಿ ಒತ್ತಡ ಏರುತ್ತದೆ. ಹೆಚ್ಚುವರಿ ಸೋಡಿಯಂ ಹೊರಹಾಕುವ ಕೆಲಸ ಮೂತ್ರಪಿಂಡಗಳದ್ದು. ವರ್ಷಗಟ್ಟಲೆ ಹೆಚ್ಚಿನ ಒತ್ತಡದಲ್ಲಿ ದುಡಿದರೆ ಅವುಗಳ ಸೂಕ್ಷ್ಮ ರಕ್ತನಾಳಗಳು ಹಾಳಾಗುತ್ತವೆ. ಮೂತ್ರಪಿಂಡ ಕೈಕೊಡಲು ಸಕ್ಕರೆ ಕಾಯಿಲೆಯ ಜೊತೆಗೆ ರಕ್ತದೊತ್ತಡವೂ ಒಂದು ಮುಖ್ಯ ಕಾರಣ. ರಕ್ತದೊತ್ತಡಕ್ಕೆ ನೋವಿಲ್ಲ. ನನಗೂ ತಲೆನೋವು, ತಲೆಸುತ್ತು ಏನೂ ಇರಲಿಲ್ಲ. ಆ ದಿನ ಕುರ್ಚಿ ಜೋಡಿಸಲು ಹೋಗದಿದ್ದರೆ ಇನ್ನೆಷ್ಟು ವರ್ಷ ಗೊತ್ತಾಗುತ್ತಿರಲಿಲ್ಲವೋ!

ಕ್ಯಾನ್ಸರ್ ಬಗ್ಗೆ ಎಷ್ಟು ಹೆದರಬೇಕು?

ಅಕ್ಟೋಬರ್ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಒಂದು ತೀರ್ಮಾನ ಪ್ರಕಟಿಸಿತು. 10 ದೇಶಗಳ 22 ತಜ್ಞರು 800ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಹದ ಮಾಡಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಒಂದನೇ ಗುಂಪಿಗೆ ಸೇರಿಸಿದರು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಪತ್ರಿಕೆಗಳು 'ಸಾಸೇಜು ಸಿಗರೇಟಿನಷ್ಟೇ ಕೆಟ್ಟದ್ದು' ಎಂದು ಬರೆದವು. ಇದು ತಪ್ಪು ಗ್ರಹಿಕೆ. ಈ ಗುಂಪುಗಳು ಹೇಳುವುದು ಸಾಕ್ಷ್ಯ ಎಷ್ಟು ಖಚಿತ ಎಂಬುದನ್ನು. ಅಪಾಯ ಎಷ್ಟು ದೊಡ್ಡದು ಎಂಬುದು ಬೇರೆ ಲೆಕ್ಕ. ಆಗ ಆ ಸಂಸ್ಥೆಯೇ ಉಲ್ಲೇಖಿಸಿದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಹದ ಮಾಡಿದ ಮಾಂಸ ಹೆಚ್ಚು ತಿನ್ನುವುದರಿಂದಾಗುವ ಕ್ಯಾನ್ಸರ್ ಸಾವು 34 ಸಾವಿರ, ತಂಬಾಕಿನಿಂದಾಗುವ ಕ್ಯಾನ್ಸರ್ ಸಾವು 10 ಲಕ್ಷ.

ಇನ್ನೊಂದು ಅಂಕಿ: ದಿನಕ್ಕೆ 50 ಗ್ರಾಂ ಹದ ಮಾಡಿದ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಾಧ್ಯತೆ ಸುಮಾರು ಶೇಕಡಾ 18ರಷ್ಟು ಹೆಚ್ಚುತ್ತದೆ. ಇದನ್ನು ಓದಿ ನೂರಕ್ಕೆ ಹದಿನೆಂಟು ಜನರಿಗೆ ಕ್ಯಾನ್ಸರ್ ಬರುತ್ತದೆ ಎಂದು ತಿಳಿಯಬೇಡಿ. ನೂರು ಜನರಲ್ಲಿ ಜೀವಮಾನದಲ್ಲಿ ಐದು ಜನರಿಗೆ ಈ ಕ್ಯಾನ್ಸರ್ ಬರುವ ಒಂದು ಸಮಾಜವಿದೆ ಎಂದಿಟ್ಟುಕೊಳ್ಳಿ. ಆ ನೂರೂ ಜನ ದಿನಾ 50 ಗ್ರಾಂ ತಿಂದರೆ ಐದು ಇದ್ದದ್ದು ಸುಮಾರು ಆರಾಗುತ್ತದೆ. ಒಬ್ಬನ ಮಟ್ಟಿಗೆ ಸಣ್ಣ ಹೆಚ್ಚಳ, ಆದರೆ ಆ ಆರನೆಯವರ ಮನೆಗೆ ಅದು ಸಣ್ಣದಲ್ಲ. 50 ಗ್ರಾಂ ಎಂದರೆ ಒಂದೂವರೆ ಸಾಸೇಜು.

ಕಾರಣ ಹಲವಿರಬಹುದು. ನೈಟ್ರೈಟು ಮಾಂಸದ ಪ್ರೋಟೀನಿನ ಅಂಶಗಳ ಜೊತೆ ಸೇರಿ ಹೊಟ್ಟೆಯಲ್ಲಿ ಅಥವಾ ಕಾದ ಬಾಣಲೆಯಲ್ಲಿ ನೈಟ್ರೋಸಮೈನ್ ಎಂಬ ವಸ್ತುಗಳಾಗಬಲ್ಲದು. ಮಾಂಸದ ಕೆಂಪು ಬಣ್ಣದಲ್ಲಿರುವ ಕಬ್ಬಿಣವೂ ಇದಕ್ಕೆ ಒತ್ತಾಸೆ. ಇದನ್ನು ತಗ್ಗಿಸಲೆಂದೇ ತಯಾರಕರು ಸಿ ಜೀವಸತ್ವದ ಜಾತಿಯ ಇ300, ಇ301, ಇ316 ಸೇರಿಸುತ್ತಾರೆ. ಹಾಗಾದರೆ ನೈಟ್ರೇಟು ಬಹಳ ಇರುವ ಪಾಲಕ್, ಬೀಟ್‌ರೂಟ್ ತಿನ್ನಬಾರದೇ? ಧಾರಾಳವಾಗಿ ತಿನ್ನಿ. ಸೊಪ್ಪು ತರಕಾರಿಯಲ್ಲಿ ಸಿ ಜೀವಸತ್ವ ಮುಂತಾದ ರಕ್ಷಕಗಳು ಜೊತೆಗೇ ಇರುತ್ತವೆ, ಮಾಂಸದ ಕಬ್ಬಿಣ ಇರುವುದಿಲ್ಲ. ಆದರೆ 'ನೈಟ್ರೈಟ್ ಸೇರಿಸಿಲ್ಲ' ಎಂದು ದೊಡ್ಡದಾಗಿ ಬರೆದು, ಪದಾರ್ಥಗಳ ಪಟ್ಟಿಯಲ್ಲಿ ಸೆಲರಿ ಪುಡಿ ಇದ್ದರೆ ಮೋಸಹೋಗಬೇಡಿ. ಅದರಿಂದ ಬರುವುದೂ ಅದೇ ನೈಟ್ರೈಟು. 'ಹಲಾಲ್', 'ಚಿಕನ್', 'ಟರ್ಕಿ' ಎಂಬ ಮಾತುಗಳಿಂದಲೂ ಉಪ್ಪು, ನೈಟ್ರೈಟು ಇಲ್ಲವೆಂದು ಅರ್ಥವಲ್ಲ.

ಅಜ್ಜಿಯ ಲೆಕ್ಕ

ಇಷ್ಟೆಲ್ಲ ಓದಿದ ಮೇಲೆ ನನಗೊಂದು ಪ್ರಶ್ನೆ ಕಾಡಿತು. ಒಣಮೀನಿನಲ್ಲೂ ಉಪ್ಪು ಬಹಳ, ಉಪ್ಪಿನಕಾಯಿಯಲ್ಲೂ ಬಹಳ. ಹಿಂದಿನವರು ಅದನ್ನೇ ತಿಂದು ಬದುಕಲಿಲ್ಲವೇ? ಊರಿಗೆ ಫೋನ್ ಮಾಡಿದಾಗ ಅಮ್ಮನನ್ನು ಕೇಳಿದೆ. ಅಮ್ಮ ಹೇಳಿದ್ದಿಷ್ಟು: "ಒಣಮೀನು ಊಟವಾ? ಅದು ಗಂಜಿಗೆ ನಂಚಿಕೊಳ್ಳೂಕೆ. ಅಜ್ಜಿ ಅದನ್ನ ನೀರಲ್ಲಿ ನೆನೆಹಾಕಿ ತೊಳೆದು, ಒಬ್ಬೊಬ್ಬರಿಗೆ ಒಂದೊಂದು ಚೂರು ಸುಟ್ಟು ಕೊಡ್ತಿದ್ರು."

ನನ್ನ ಎಕ್ಸೆಲ್ ಹಾಳೆಗೆ ಸಿಗದ ಉತ್ತರ ಅದರಲ್ಲಿತ್ತು. ಉಪ್ಪು ಹಾಕಿ ಕಾಪಿಟ್ಟ ಪದಾರ್ಥವನ್ನು ನಮ್ಮ ಹಿರಿಯರು ಎಂದೂ ಊಟವೆಂದು ಎಣಿಸಲಿಲ್ಲ. ತಟ್ಟೆ ತುಂಬ ಗಂಜಿ, ಬದಿಯಲ್ಲಿ ಒಂದು ಚೂರು ಒಣಮೀನು. ತಟ್ಟೆ ತುಂಬ ಅನ್ನ, ಎಲೆಯ ತುದಿಯಲ್ಲಿ ಒಂದು ಮಿಡಿ. ಸಾಸೇಜು ಅದೇ ಜಾತಿಯ ಪದಾರ್ಥ. ಆದರೆ ಅದು ಮೃದುವಾಗಿದೆ, ಬಾಯಿಗೆ ಅಷ್ಟು ಉಪ್ಪೆನಿಸುವುದಿಲ್ಲ, ಉಪ್ಪು ಒಳಗೆಲ್ಲ ಅರೆದು ಸೇರಿರುವುದರಿಂದ ಒಣಮೀನಿನ ಹಾಗೆ ನೆನೆಸಿ ತೊಳೆದು ತೆಗೆಯಲೂ ಆಗುವುದಿಲ್ಲ. ಹಾಗಾಗಿ ನಾವು ಅದನ್ನು ತಟ್ಟೆಯ ಬದಿಯಿಂದ ನಡುವಿಗೆ ತಂದುಬಿಟ್ಟಿದ್ದೇವೆ. ಯಾರಾದರೂ ಬೆಳಿಗ್ಗೆ ತಿಂಡಿಗೆ 100 ಗ್ರಾಂ ಒಣಮೀನು ತಿನ್ನುತ್ತಾರೆಯೇ? ಒಂದು ಬಟ್ಟಲು ಉಪ್ಪಿನಕಾಯಿ ತಿನ್ನುತ್ತಾರೆಯೇ?

ಆದ್ದರಿಂದ ಈ ಲೇಖನದಿಂದ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಸಾಸೇಜನ್ನು ಪ್ರೋಟೀನ್ ಲೆಕ್ಕಕ್ಕೆ ಬರೆಯಬೇಡಿ, ಉಪ್ಪಿನಕಾಯಿ ಲೆಕ್ಕಕ್ಕೆ ಬರೆಯಿರಿ. ಆಗ ಎಷ್ಟು ತಿನ್ನಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಸಸ್ಯಾಹಾರಿ ಬಂಧುಗಳೇ, ನಿಮ್ಮ ಪಾಲು ಈಗ ಬಂತು. ಸೋಯಾದಿಂದ ಮಾಡಿದ ಸಸ್ಯಾಹಾರಿ ಸಾಸೇಜಿನಲ್ಲಿ ಕೊಬ್ಬು ಕಡಿಮೆ ಇರಬಹುದು, ಆದರೆ ಉಪ್ಪು ಕಡಿಮೆ ಇರಬೇಕೆಂದಿಲ್ಲ. ಹಪ್ಪಳ, ಸಂಡಿಗೆ, ಬಾಳಕದ ಮೆಣಸು, ಎರಡು ನಿಮಿಷದ ನೂಡಲ್ಸಿನ ಮಸಾಲೆ ಪೊಟ್ಟಣ, ಚೀಸ್ ತುಂಡು, ಇವೂ ಇದೇ ಲೆಕ್ಕದವು.

ಅಂಗಡಿಯಲ್ಲಿ ಒಂದು ನಿಮಿಷ

ಇಲ್ಲಿ ಪ್ಯಾಕೆಟ್ಟುಗಳ ಮೇಲೆ ಅರಬ್ಬಿ, ಇಂಗ್ಲಿಷ್ ಎರಡರಲ್ಲೂ ಬರೆದಿರುತ್ತಾರೆ. ಕೊಳ್ಳುವ ಮೊದಲು ಇಷ್ಟು ನೋಡಿ.

1. ಅಂಕಿ 100 ಗ್ರಾಂಗೋ, 'ಒಂದು ಸರ್ವಿಂಗಿಗೋ'? ಒಂದು ಸರ್ವಿಂಗ್ ಎಂದರೆ ಅವರ ಪ್ರಕಾರ ಒಂದೇ ಸಾಸೇಜು ಇರಬಹುದು, ನೀವು ತಿನ್ನುವುದು ಮೂರು.

2. ಸೋಡಿಯಂ 100 ಗ್ರಾಂಗೆ 600 ಮಿಲಿಗ್ರಾಂ ದಾಟಿದ್ದರೆ, ಅಂದರೆ ಉಪ್ಪು 1.5 ಗ್ರಾಂ ಮೀರಿದ್ದರೆ, ಬ್ರಿಟನ್ನಿನಲ್ಲಿ ಅದಕ್ಕೆ ಕೆಂಪು ಗುರುತು ಹಾಕುತ್ತಾರೆ. ಸಾಸೇಜುಗಳಲ್ಲಿ ಹೆಚ್ಚಿನವು ಈ ಗೆರೆ ದಾಟುತ್ತವೆ. ಇದ್ದುದರಲ್ಲಿ ಕಡಿಮೆಯದನ್ನು ಆರಿಸಿ.

3. ಪ್ರೋಟೀನು ಹೆಚ್ಚೋ, ಕೊಬ್ಬು ಹೆಚ್ಚೋ? ಕೊಬ್ಬಿನ ಅಂಕಿಯೇ ದೊಡ್ಡದಿದ್ದರೆ ಅದನ್ನು ಪ್ರೋಟೀನ್ ಆಹಾರ ಎಂದು ಕರೆಯಬೇಡಿ.

4. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಎರಡನೆಯದೇ ನೀರಾಗಿದ್ದರೆ ನೀವು ನೀರಿಗೂ ಹಣ ಕೊಡುತ್ತಿದ್ದೀರಿ.

5. ಇ450, ಇ451, ಇ452 ಎಂದರೆ ಫಾಸ್ಫೇಟುಗಳು. ಮಾಂಸದಲ್ಲಿ ನೀರು ನಿಲ್ಲಲು ಹಾಕುತ್ತಾರೆ. ಮೂತ್ರಪಿಂಡದ ತೊಂದರೆ ಇರುವವರ ರಕ್ತದಲ್ಲಿ ರಂಜಕ ಸುಲಭವಾಗಿ ಏರುತ್ತದೆ. ಅಂಥವರು ಸಾಸೇಜನ್ನು ದೂರ ಇಡುವುದೇ ಒಳ್ಳೆಯದು.

ಗರ್ಭಿಣಿಯರು ಫ್ರಿಜ್ಜಿನಿಂದ ತೆಗೆದ ಸಾಸೇಜು, ಮಾರ್ಟಡೆಲ್ಲಾಗಳನ್ನು ಹಾಗೆಯೇ ತಿನ್ನಬಾರದು. ತಣ್ಣಗಿದ್ದರೂ ಬೆಳೆಯಬಲ್ಲ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಮಗುವಿಗೆ ಅಪಾಯ ತರಬಲ್ಲದು. ಹಬೆ ಏಳುವಷ್ಟು ಬಿಸಿ ಮಾಡಬೇಕು. ಪುಟ್ಟ ಮಕ್ಕಳಿಗೆ ಕೊಡುವುದಾದರೆ ಗುಂಡಗೆ ಬಿಲ್ಲೆ ಮಾಡದೆ ಉದ್ದಕ್ಕೆ ಸೀಳಿ ಕೊಡಿ, ಬಿಲ್ಲೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಮಕ್ಕಳ ಉಪ್ಪಿನ ಮಿತಿಯೂ ಚಿಕ್ಕದು. ಬ್ರಿಟನ್ನಿನ ಸಲಹೆಯಂತೆ 4ರಿಂದ 6 ವರ್ಷದವರಿಗೆ ದಿನಕ್ಕೆ 3 ಗ್ರಾಂ. ಎರಡು ಸಾಸೇಜಿನಲ್ಲೇ ಅದರ ಅರ್ಧ ಮುಗಿಯಿತು!

ಬದಲಿಗೆ ಏನು?

ನಮ್ಮ ಮನೆಯಲ್ಲಿ ಮಾಡಿಕೊಂಡ ಬದಲಾವಣೆ ಹೇಳುತ್ತೇನೆ. ವಾರದಲ್ಲಿ ಮೂರು ದಿನ ಮೊಟ್ಟೆ. ಎರಡು ದಿನ ಕಡಲೆ ಉಸಲಿ. ಒಮಾನಿಗಳು ಮಾಡುವ 'ದಂಗೊ' ಅಂದರೆ ಮೆಣಸು, ಮಸಾಲೆ ಹಾಕಿ ಬೇಯಿಸಿದ ಕಡಲೆಯೇ. ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಕುಕ್ಕರಿನಲ್ಲಿ ಅರ್ಧ ಗಂಟೆ. ರಜಾದಿನ ಮತ್ರಾ ಮಾರುಕಟ್ಟೆಯಿಂದ ತಾಜಾ ಬೂತಾಯಿ ತರುತ್ತೇವೆ. ಅಗ್ಗದ ಮೀನು, ಪ್ರೋಟೀನ್ ಜೊತೆಗೆ ಹೃದಯಕ್ಕೆ ಒಳ್ಳೆಯ ಒಮೆಗಾ-3 ಕೊಬ್ಬು ಬೇರೆ.

ಮಗ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. ಅವನಿಗೆ ಒಂಬತ್ತು ವರ್ಷ, ಡಬ್ಬಿಯಲ್ಲಿ ಸಾಸೇಜು ಇಲ್ಲದ ಮೊದಲ ದಿನ ಡಬ್ಬಿ ಹಾಗೇ ವಾಪಸ್ ಬಂತು. ಆಮೇಲೆ ನನ್ನ ಹೆಂಡತಿ ಕೋಳಿ ಖೀಮಾಕ್ಕೆ ಈರುಳ್ಳಿ, ಬೆಳ್ಳುಳ್ಳಿ, ಕಾಳುಮೆಣಸು, ಕೊತ್ತಂಬರಿ, ಒಂದು ಮೊಟ್ಟೆ, ಸ್ವಲ್ಪ ಬ್ರೆಡ್ಡಿನ ಪುಡಿ ಸೇರಿಸಿ, ಅರ್ಧ ಕಿಲೋಗೆ ಅರ್ಧ ಸಣ್ಣ ಚಮಚ ಮಾತ್ರ ಉಪ್ಪು ಹಾಕಿ, ಬೆರಳಿನಷ್ಟು ಉದ್ದ ಹೊಸೆದು ಇಡ್ಲಿ ಪಾತ್ರೆಯಲ್ಲಿ ಬೇಯಿಸಿ, ಫ್ರೀಜರಿನಲ್ಲಿಟ್ಟಳು. ಬೆಳಿಗ್ಗೆ ಕಾವಲಿಯ ಮೇಲೆ ಚೂರು ಎಣ್ಣೆಯಲ್ಲಿ ಹೊರಳಿಸಿದರೆ ಮುಗಿಯಿತು. ಬಣ್ಣ ಗುಲಾಬಿ ಅಲ್ಲ, ಬೂದು. "ಇದು ಸಾಸೇಜ್ ಅಲ್ಲ" ಎಂದು ಮಗ ಮೊದಲ ವಾರ ಜಗಳವಾಡಿದ. ಈಗ ಸ್ನೇಹಿತರಿಗೂ ಎರಡು ಹೆಚ್ಚಿಗೆ ಕೇಳುತ್ತಾನೆ. ಇದರಲ್ಲಿ ನೈಟ್ರೈಟ್ ಇಲ್ಲವಾದ್ದರಿಂದ ಹೆಚ್ಚು ದಿನ ಇಡಬಾರದು. ಫ್ರಿಜ್ಜಿನಲ್ಲಿ ಎರಡು ದಿನ, ಫ್ರೀಜರಿನಲ್ಲಿ ತಿಂಗಳು ಸಾಕು.

ಅಂಗಡಿ ಸಾಸೇಜನ್ನು ಪೂರ್ತಿ ಬಿಟ್ಟಿದ್ದೀರಾ ಎಂದು ಕೇಳಬಹುದು. ಇಲ್ಲ. ತಿಂಗಳಿಗೊಮ್ಮೆ, ಮಗನ ಹಟಕ್ಕೋ ಪಿಜ್ಜಾಕ್ಕೋ, ಒಂದೆರಡು ತುಂಡು ಬರುತ್ತದೆ. ಆ ದಿನ ಉಪ್ಪಿನಕಾಯಿ, ಹಪ್ಪಳ ಮೇಜಿನ ಮೇಲೆ ಬರುವುದಿಲ್ಲ.

ನನ್ನ ರಕ್ತದೊತ್ತಡ? ವೈದ್ಯರು ಕೊಟ್ಟ ಒಂದು ಮಾತ್ರೆ, ಸಂಜೆ ಮತ್ರಾ ಕಡಲ ದಂಡೆಯಲ್ಲಿ ನಲವತ್ತು ನಿಮಿಷದ ನಡಿಗೆ, ಮತ್ತು ಈ ಉಪ್ಪಿನ ಲೆಕ್ಕ, ಮೂರೂ ಸೇರಿ ಎಂಟು ತಿಂಗಳಲ್ಲಿ 128/82ಕ್ಕೆ ಬಂದಿದೆ. ಯಾವುದರಿಂದ ಎಷ್ಟು ಇಳಿಯಿತು ಎಂದು ಬೇರ್ಪಡಿಸಿ ಹೇಳಲಾರೆ. ಮಾತ್ರೆ ತೆಗೆದುಕೊಳ್ಳುತ್ತಿರುವವರು ಈ ಲೇಖನ ಓದಿ ಅದನ್ನು ನಿಲ್ಲಿಸಬೇಡಿ, ನಾನೂ ನಿಲ್ಲಿಸಿಲ್ಲ.

ಈ ಸ್ಮರಣ ಸಂಚಿಕೆಯಿಂದ ಬರುವ ಹಣದಲ್ಲಿ ಒಂದು ಪಾಲು ಊರಿನಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಹೋಗುತ್ತದೆ. ಆ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು. ಹೆಸರಿನ ಮುಂದೆ ವಯಸ್ಸು ಬರೆಯುತ್ತೇನೆ: 41, 44, 46. ನನ್ನ ವಯಸ್ಸಿನವರೇ. ಅವರಿಗೆ ನಾವು ಕೊಡುವ ಸಹಾಯ ಕೊಡುತ್ತಲೇ ಇರೋಣ. ಅದರ ಜೊತೆಗೆ, ಮುಂದಿನ ಶಿಬಿರಕ್ಕೆ ಬಂದಾಗ ನಿಮ್ಮ ತೋಳನ್ನೂ ಒಮ್ಮೆ ಚಾಚಿ. ಬರುವಾಗ ಫ್ರಿಜ್ಜಿನಲ್ಲಿರುವ ಪ್ಯಾಕೆಟ್ಟಿನ ಹಿಂಬದಿ ಓದಿಕೊಂಡು ಬನ್ನಿ. ಗುಣಿಸುವುದು 2.5ರಿಂದ, ಮರೆಯಬೇಡಿ.